ಯಂಕಪ್ಪಜ್ಜನ ಹಳದಿ ಮಣ್ಣು

ಮಂಗಳ ಗ್ರಹದ ನಮ್ಮ ಓಣಿಯಲ್ಲಿ ಕೂಸು ಹುಟ್ಟಿದರೆ ಪ್ರತಿ ಮನೆಯವರೂ ಒಂದೊಂದು ಬುಟ್ಟಿ ಕೆಂಪು ಮಣ್ಣು ತಂದುಕೊಡುವುದು ರೂಢಿ. ಆ ಮಣ್ಣೆಲ್ಲ ಕಬ್ಬಿಣದ ತುಕ್ಕೇ. ಒಲೆಯಲ್ಲಿ ಕಾಯಿಸಿದರೆ ಉಸಿರಾಡುವ ಗಾಳಿ ಕೊಟ್ಟು ತಾನು ಕಪ್ಪಾಗುತ್ತದೆ. ಸರ್ಕಾರ ತಲೆಗಿಷ್ಟೆಂದು ಅಳೆದು ಕೊಡುವ ಮಣ್ಣು ಹೊಸ ಜೀವಕ್ಕೆ ಬರಲು ಎಂಟು ದಿನ ಬೇಕು. ಅಲ್ಲಿವರೆಗೆ ಕೂಸು ಓಣಿಯವರ ಉಸಿರಲ್ಲೇ ಬದುಕಬೇಕು.

ನನ್ನ ಮಗಳು ಹುಟ್ಟಿದ ಏಳನೆಯ ದಿನ ಉಳಿದಿದ್ದು ಪಕ್ಕದ ಮನೆಯ ಯಂಕಪ್ಪಜ್ಜನ ಬುಟ್ಟಿಯೊಂದೇ. ಬಟ್ಟೆ ಸರಿಸಿದರೆ ಹಳದಿ ಮಣ್ಣು! ನಲವತ್ತು ವರ್ಷ ಗಣಿಯಲ್ಲಿ ಅಗೆದ ಅಜ್ಜನ ಕಣ್ಣಿಗೆ ಈಗ ಬಣ್ಣ ಗೊತ್ತಾಗುವುದಿಲ್ಲ. ಹಳದಿಯದು ಗೋಡೆಗೆ ಬಳಿಯುವ ಮಣ್ಣು. ನಮ್ಮಲ್ಲಿ ಯಾರೂ ಅದನ್ನು ಒಲೆಗೆ ಹಾಕಿದ್ದಿಲ್ಲ. ಬೇರೆಯವರನ್ನು ಕೇಳಲು ಬಾಯಿ ಬರಲಿಲ್ಲ. ಅವರೂ ಅಳೆದೇ ಉಸಿರಾಡುವವರು.

"ಏನ್ ಮಾಡ್ಲಿ ಅತ್ತಿ?" ಎಂದೆ.

"ಅಜ್ಜ ಪ್ರೀತಿಲೆ ಕೊಟ್ಟಾನ. ಹಾಕಿ ನೋಡು," ಎಂದರು ಅತ್ತೆ.

ಮೊದಲು ಗಾಳಿ ಬರಲಿಲ್ಲ. ಕೂಸನ್ನು ಎದೆಗವಚಿಕೊಂಡು ಕುಳಿತೆ. ಒಲೆಯ ಕೊಳವೆಯ ಬಾಯಲ್ಲಿ ಏನೋ ಹನಿಗಟ್ಟಿ ತೊಟ್ಟಿಕ್ಕಿತು. ನೀರು! ಅತ್ತೆ ಓಡಿಬಂದು ಬಟ್ಟಲು ಹಿಡಿದರು. ನೀರು ಬಿಟ್ಟ ಮಣ್ಣು ನಮ್ಮ ಕಣ್ಣೆದುರೇ ಕೆಂಪಾಯಿತು. ಆಮೇಲೆ ಎಲ್ಲರ ಮಣ್ಣಿನ ಹಾಗೆಯೇ ಉಸಿರು ಕೊಟ್ಟು ಕಪ್ಪಾಯಿತು.

ವಾರವಿಡೀ ಒಣ ಬಟ್ಟೆಯಲ್ಲೇ ಒರೆಸುತ್ತಿದ್ದ ಮಗಳಿಗೆ ಆ ನೀರಲ್ಲಿ ಮೊದಲ ಸ್ನಾನವಾಯಿತು.

ಸಂಜೆ ಯಂಕಪ್ಪಜ್ಜ ಬಂದ. "ನನ್ ಮಣ್ಣು ಕೆಂಪಗ ಛಲೋ ಇತ್ತೇನವಾ?"

"ಎಲ್ಲಾರದಕ್ಕಿಂತ ಛಲೋ ಇತ್ತಜ್ಜ," ಎಂದು ಕೂಸನ್ನು ಅವನ ಕೈಗಿಟ್ಟೆ.

ಅಜ್ಜ ಅದರ ಒದ್ದೆ ಕೂದಲನ್ನು ಮುಟ್ಟಿದ. "ಕೆಂಪು ಮಣ್ಣು ನೀರು ಬಿಡಂಗಿಲ್ಲಲ್ಲವಾ," ಎಂದ. ಆಮೇಲೆ ಆ ಒದ್ದೆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ.