ಸಡಿಲಿಸಿದ ಗುರಿ

ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಸಕ್ಕರೆ ಕಾಯಿಲೆಯವರಿಗೆಲ್ಲ ತೋಳಿಗೆ ಕಟ್ಟಿದ ಯಂತ್ರದ ಪಟ್ಟಿಯೇ ಇನ್ಸುಲಿನ್ ಕೊಡುತ್ತಿತ್ತು. ರಕ್ತದ ಸಕ್ಕರೆ ಎಷ್ಟಕ್ಕೆ ಇಳಿಯಬೇಕೆಂಬ ಗುರಿಯನ್ನು ಆಸ್ಪತ್ರೆಯ ಯಂತ್ರ ಉಳಿದ ಆಯುಷ್ಯ ನೋಡಿ ಹೇಳುತ್ತಿತ್ತು. ಆಯುಷ್ಯ ಕಡಿಮೆಯಿದ್ದವರಿಗೆ ಗುರಿ ಸಡಿಲ; ಸಕ್ಕರೆ ತುಸು ಹೆಚ್ಚೇ ಇದ್ದರೂ ಸರಿ. ಪಟ್ಟಿಯ ಮೇಲೆ ಒತ್ತುವ ಒಪ್ಪಿಗೆಯ ಹೆಬ್ಬೆರಳು ಮಾತ್ರ ಮನೆಯವರದು.

ಗಂಡ ಚೆನ್ನವೀರಪ್ಪನ ಗುರಿ ಸಡಿಲಿಸಲು ಪಟ್ಟಿ ಒಪ್ಪಿಗೆ ಕೇಳಿದಾಗ ಗುರುಬಸಮ್ಮ ಬೆರಳು ಒತ್ತಲಿಲ್ಲ. ಒತ್ತಿದರೆ ತಾನೇ ಅವನನ್ನು ಕಳಿಸಿಕೊಟ್ಟಂತೆ ಅನಿಸಿತು. ಅವನಿಗೂ ಹೇಳಲಿಲ್ಲ.

ಮರುವಾರ ಊಟಕ್ಕೆ ಕೂತಿದ್ದ ಚೆನ್ನವೀರಪ್ಪ ಮೈಯೆಲ್ಲ ಬೆವರಿ, "ಯಾರವ್ವಾ ನೀ?" ಎಂದು ಹೆಂಡತಿಯನ್ನೇ ಕೇಳಿದ. ಹಳೆಯ ಬಿಗಿ ಗುರಿಗೆ ಪಟ್ಟಿ ಸಕ್ಕರೆಯನ್ನು ತೀರಾ ಇಳಿಸಿಬಿಟ್ಟಿತ್ತು. ಗುರುಬಸಮ್ಮ ಬೆಲ್ಲದ ನೀರು ಕುಡಿಸಿದಳು.

ಅವನಿಗೆ ಅರಿವು ಮರಳಿದ ಮೇಲೆ ಅತ್ತಳು. "ನಂದ ತಪ್ಪರೀ. ಗುರಿ ಸಡಿಲ ಮಾಡ್ರಿ ಅಂದಿದ್ರು, ನಾ ಮಾಡಲಿಲ್ಲ."

ತನ್ನ ಆಯುಷ್ಯ ಕಡಿಮೆಯೆಂದು ಚೆನ್ನವೀರಪ್ಪನಿಗೆ ಅರ್ಥವಾಯಿತು.

"ಎಷ್ಟ ದಿನ ಅಂತ ಹೇಳ್ಯಾರೇನು?"

"ಅದನ್ನ ಹೇಳೂದಿಲ್ಲರೀ."

"ಇರೂ ಅಷ್ಟು ದಿನ ನಿನ್ನ ಗುರುತಾದ್ರೂ ಇರಲಿ ನನಗ. ಒತ್ತು."

ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಅವಳು ಒತ್ತಿದಳು. ಆದರೆ ಹಿಡಿದ ಅವನ ತೋಳನ್ನು ಸಂಜೆಯವರೆಗೂ ಬಿಡಲಿಲ್ಲ.