ಸ್ವಂತದ ಸಿಟ್ಟು

ಉಕ್ಕಿದ ಹಾಲು ಪಾತ್ರೆಯ ಅಂಚಿನಿಂದ ಬಿಳಿಯ ಎಳೆಯಾಗಿ ಇಳಿದು, ಒಲೆಯ ಕಟ್ಟೆಯ ಮೇಲೆ ಕೆನೆಗಟ್ಟಿ ನಿಂತಿತ್ತು. ಅದನ್ನು ಕಾಯಲು ಕುಳಿತಿದ್ದ ಅಶ್ವತ್ಥಯ್ಯನವರು 'ನಾನು ಯಾರು' ಎಂಬ ಚಿಂತೆಯಲ್ಲಿದ್ದರು.

ಒಬ್ಬರ ಭಾವ ಎಲ್ಲರಿಗೂ ಹರಿಯುವ ಆ ಬೀದಿಯಲ್ಲಿ, ಏನೇ ಅನ್ನಿಸಿದರೂ ಮೊದಲು ಅದರ ವಾರಸುದಾರರನ್ನು ವಿಚಾರಿಸುವುದು ವಾಡಿಕೆ. ಎದೆಯಲ್ಲಿ ಸಿಟ್ಟು ಭುಗಿಲೆದ್ದೊಡನೆ ಅವರು ಕಿಟಕಿಯಿಂದ ಕೂಗಿದರು: "ಈ ಸಿಟ್ಟು ಯಾರದ್ರೀ?"

"ನಮ್ದಲ್ಲ ಸ್ವಾಮೀ! ನಮ್ಮನೇದು ಬರೀ ಹಲ್ಲುನೋವು!" ಎಂದರು ಎದುರುಮನೆಯವರು.

"ನಮಗೂ ಉರೀತಿದೆ, ಆದ್ರೆ ನಮ್ದಲ್ಲ!" ಎಂದರು ಪಕ್ಕದವರು.

ಅಶ್ವತ್ಥಯ್ಯನವರ ಕಣ್ಣು ತುಂಬಿತು, ಬೀದಿಯೆಲ್ಲ ಕಣ್ಣೊರೆಸಿಕೊಂಡಿತು. "ವನಜಾ, ಈ ವಯಸ್ಸಿಗೆ ಒಂದು ಸ್ವಂತದ್ದು ಅಂತ ಸಿಕ್ತು ಕಣೇ!"

ಕಟ್ಟೆ ಒರೆಸುತ್ತಿದ್ದ ಹೆಂಡತಿ ಅವರ ಮುಖವನ್ನೇ ಕ್ಷಣಕಾಲ ನೋಡಿದರು. "ನಿಮ್ದೇ ಇರ್ಬೇಕು. ಹೋಗಿ, ಎಲ್ಲರಿಗೂ ಹೇಳಿ. ಬರ್ತಾ ಹಾಲು ತನ್ನಿ."

ಹಿಗ್ಗುತ್ತ ಹೊರಟ ಅವರ ಬೆನ್ನಿಗೆ ವನಜಮ್ಮ ಬಾಗಿಲನ್ನು ಧಡಾರನೆ ಹಾಕಿದರು; ಬೀದಿಯ ಸಿಟ್ಟೆಲ್ಲ ಒಮ್ಮೆಲೇ ಇಳಿಯಿತು.