ತಕ್ಕ ಜೋಡಿ

"ಕಣ್ಣು ಮುಚ್ಚು. ಅಳ್ಳಾಡಬ್ಯಾಡ."

ಅನಸೂಯಾ ಮಗಳ ಎಡಗಣ್ಣಿನ ಕೆಳಗೆ ಮೂರನೆಯ ಸಲ ಪೌಡರ್ ಒತ್ತಿದಳು. ನೀಲಿ ಮತ್ತೆ ಇಣುಕಿತು. ಬರುವವರು ನಿಫಾಡ ದಾಟಿದ್ದೇವೆಂದು ಆಗಲೇ ಫೋನ್ ಮಾಡಿದ್ದರು.

"ಇದಕ್ಕೆಲ್ಲಾ ಪೌಡರ್ ಯಾಕವ್ವಾ? ಇಳಕಲ್ ಸೀರಿ ಬ್ಯಾರೆ!" ಗಗನಾ ನಿಜಕ್ಕೂ ಕಕ್ಕಾಬಿಕ್ಕಿಯಾಗಿದ್ದಳು.

"ನಿನಗ ತಿಳಿಯಂಗಿಲ್ಲ. ಸುಮ್ಮನ ಕೂಡು."

ಗಂಡ ಶ್ರೀಪತಿ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಬಾಗಲಕೋಟೆ ಬಿಟ್ಟು ನಾಸಿಕಕ್ಕೆ ಬಂದು ಇಪ್ಪತ್ತೆಂಟು ವರ್ಷ. ಗುರುವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ, "ರವಿವಾರ ಔರಂಗಾಬಾದಿನಿಂದ ಗಗನಾನ್ನ ನೋಡಾಕ ಬರತಾರ. ಬೀದರ ಕಡೆ ಮಂದಿ. ವಾಳೂಜದಾಗ ಸಣ್ಣ ಕಾರ್ಖಾನಿ ಐತಿ" ಎಂದಿದ್ದ. ಅವಳು ಬಾಯಿ ತೆರೆಯುವಷ್ಟರಲ್ಲಿ ಸ್ಕೂಟರ್ ಗೇಟು ದಾಟಿತ್ತು.

ಆಗಿನ್ನೂ ಸಂಭಾಜಿನಗರವನ್ನು ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದ ಕಾಲ. ಹೆಣ್ಣುಮಕ್ಕಳ ಪ್ರೊಫೆಷನಲ್ ಬಾಕ್ಸಿಂಗ್ ಎಂದರೆ ಹುಬ್ಬೇರಿಸುತ್ತಿದ್ದ ಕಾಲವೂ ಹೌದು. ಗಗನಾ ಕಾಲೇಜಿಗಾಗಿ ಆಡಿ ಪದಕ ತಂದಾಗ ಅನಸೂಯಾ ಹೇಗೋ ಸಹಿಸಿದ್ದಳು. ಇನ್ನು ಮುಂದೆ ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ಪದಕಕ್ಕ ಆಡಿದ್ದು ಸಾಕು. ರೊಕ್ಕಕ್ಕ ಬಡದಾಡತಾಳ ಅಂದ್ರ ಮಂದಿ ಏನಂದಾರು?"

ಮಂದಿ ಅನ್ನದೆ ಬಿಟ್ಟಿರಲಿಲ್ಲ. ಮೂಗು ಮುರಿದರೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಪಕ್ಕದ ಮನೆಯ ಗೋದಾವರಿಬಾಯಿ ವಾರಕ್ಕೊಮ್ಮೆ ಮರುಗುತ್ತಿದ್ದಳು. ಸೊಲ್ಲಾಪುರದ ಸಂಬಂಧ ಅರ್ಧ ಕಪ್ ಚಹಾಕ್ಕೇ ಎದ್ದು ಹೋಗಿತ್ತು. ಗಂಡು ಬಡಿದಾಡಿದರೆ ಪೈಲ್ವಾನ. ಹೆಣ್ಣು ಬಡಿದಾಡಿದರೆ ಬಜಾರಿ.

ಇವತ್ತು ಹಾಗಾಗಬಾರದು. ಈ ಊರಲ್ಲಿ ಹುಡುಗಿ ನೋಡಲು ಬಂದವರಿಗೆ ಈರುಳ್ಳಿ ಅವಲಕ್ಕಿ ಕೊಡುವುದು ರೂಢಿ. ಅನಸೂಯಾ ಬುಟ್ಟಿಗಟ್ಟಲೆ ಮಾಡಿಟ್ಟಿದ್ದಳು.

ಕಾರಿನಿಂದ ಮೂವರು ಇಳಿದರು. ಬಿಳಿ ಮೀಸೆಯ ವೈಜನಾಥ, ಅವನ ಹೆಂಡತಿ ಅಲಕಾ, ಜೊತೆಗೊಬ್ಬ ಎತ್ತರದ ಯುವಕ.

"ಇವರು ನಮ್ಮ ಡಾಕ್ಟರು, ಶಶಾಂಕ್," ಎಂದ ವೈಜನಾಥ.

ಡಾಕ್ಟರು! ನೋಡಲೂ ಲಕ್ಷಣವಾಗಿದ್ದಾನೆ! ಅನಸೂಯಾ ಮನಸ್ಸಿನಲ್ಲೇ ಬನಶಂಕರಿಗೆ ಕೈಮುಗಿದಳು. ಶ್ರೀಪತಿ ಮೂಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತವನು ತಲೆ ಎತ್ತಲಿಲ್ಲ.

ಅಲಕಾ ಗಗನಾಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ತೂಕ ಎಷ್ಟು?"

"ಐವತ್ತೊಂದು."

"ಆ ದಿನಾನೂ ಇಷ್ಟೇ ಇರಬೇಕು ನೋಡವಾ."

ರವಿಕೆ ಈಗಲೇ ಹೊಲಿಸುವ ಆಲೋಚನೆಯೇನೋ ಎಂದುಕೊಂಡಳು ಅನಸೂಯಾ.

"ನಮ್ಮ ಮಾನ್ಯಾನೂ ಐವತ್ತೊಂದ. ನಿನ್ನ ಹೆಸರು ಕೇಳಿದಾಗಿಂದ ಆಕೀಗಿ ನಿದ್ದೀನೇ ಇಲ್ಲ."

ಮನೆಯಲ್ಲಿ ನಾದಿನಿಯೂ ಇದ್ದಾಳೆ. ಅನಸೂಯಾ ಅವಸರವಾಗಿ ಮುಂದೆ ಬಾಗಿದಳು. "ನಮ್ಮ ಗಗನಾ ಭಾಳ ಮೆತ್ತಗಿನ ಹುಡುಗಿರಿ. ಮಾನ್ಯಾ ಏನರೆ ಮಾಡಿದ್ರೂ ಸುಮ್ಮನ ತಗ್ಗಿ ನಡೀತಾಳ."

ವೈಜನಾಥನ ಚಮಚೆ ಗಾಳಿಯಲ್ಲೇ ನಿಂತಿತು. "ಹಂಗಂದ್ರ ಹೆಂಗ್ರಿ ಅಕ್ಕಾರ? ನಮಗ ಎದುರು ನಿಲ್ಲಾಕಿ ಬೇಕು."

ಜನ ಎಷ್ಟು ಸುಧಾರಿಸಿದ್ದಾರೆ! ಅನಸೂಯಾಗೆ ನಂಬಲಾಗಲಿಲ್ಲ.

"ಕೈ ನೋಡಲೇನ್ರಿ?" ಶಶಾಂಕ್ ಗಗನಾಳ ಅಂಗೈ ಹಿಡಿದು ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದ. ಅನಸೂಯಾ ನಾಚಿ ಅಡುಗೆಮನೆಯತ್ತ ಮುಖ ತಿರುಗಿಸಿದಳು. ಮರುಗಳಿಗೆ ಅವನ ಮಾತು ಕೇಳಿ ಥಟ್ಟನೆ ಇತ್ತ ತಿರುಗಿದಳು.

"ಎಡಗಣ್ಣು ಯಾವಾಗಿಂದ ಬಾತದ?"

"ಬಚ್ಚಲದಾಗ ಜಾರಿ..." ಎಂದಳು ಅನಸೂಯಾ.

"ಇಲ್ರಿ," ಎಂದಳು ಗಗನಾ. "ಬಾಕ್ಸಿಂಗದಾಗ. ಮಂಗಳವಾರ ಪ್ರಾಕ್ಟೀಸಿನ್ಯಾಗ ಪೆಟ್ಟು ಬಿತ್ತು."

ಅನಸೂಯಾ ಮಗಳನ್ನು ನೋಡಿದಳು. ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಮುಖದಲ್ಲಿ ಅಳುಕಿಲ್ಲ. ಸೊಲ್ಲಾಪುರದವರು ಎದ್ದು ಹೋದ ದಿನ ಇದೇ ಹುಡುಗಿ ತಲೆ ತಗ್ಗಿಸಿ ಚಹಾ ಕಪ್ಪು ತೊಳೆದಿದ್ದಳು. ಅಂದು ತಾನು ಅವಳ ಪರವಾಗಿ ಒಂದು ಮಾತೂ ಆಡಿರಲಿಲ್ಲ. ಅಲಕಾ ಏನೋ ಹೇಳಲು ಬಾಯಿ ತೆರೆದಳು. ಅನಸೂಯಾ ಅದಕ್ಕೆ ಎಡೆಗೊಡಲಿಲ್ಲ.

"ಕೇಳ್ರಿ ಇಲ್ಲೆ. ಹತ್ತು ವರ್ಷ ಆತು ಈಕಿ ಆಡಾಕತ್ತಿ. ನಸುಕಿನ್ಯಾಗ ಎದ್ದು ಓಡತಾಳ. ಒಬ್ಬರ ಮುಂದೂ ಬೆನ್ನು ತೋರಿಸಿಲ್ಲ. ಬೇಕಾದ್ರ ಹಿಂಗ ಒಪ್ಪಿಕೋರಿ. ಬ್ಯಾಡಾದ್ರ ಅವಲಕ್ಕಿ ತಿಂದು ಹೋಗ್ರಿ. ಆಟ ಮಾತ್ರ ಆಕಿ ಬಿಡಂಗಿಲ್ಲ!"

ಇಷ್ಟು ಮಾತು ತನ್ನೊಳಗಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಶ್ರೀಪತಿಯ ಕೈಯಿಂದ ಪೇಪರು ಜಾರಿತು. ಗಗನಾಳ ಕಣ್ಣು ತುಂಬಿ ಬಂತು, ಪೌಡರೆಲ್ಲ ಕೆನ್ನೆಗಿಳಿಯಿತು.

ವೈಜನಾಥ ಗಹಗಹಿಸಿ ನಕ್ಕ. "ಆಟ ಬಿಡು ಅಂತ ಯಾರಂದ್ರಿ? ಅದನ್ನ ಕೇಳೇ ಬಂದೀವಿ. ಆದ್ರ 'ನಮ್ಮವ್ವ ಹೂಂ ಅನ್ನೂತನಕ ಮುಂದಿನ ಮಾತು ಬ್ಯಾಡ' ಅಂತ ನಿಮ್ಮ ಮಗಳು ಫೋನಿನ್ಯಾಗ ಹೇಳಿದ್ಳು. ಈಗ ನೀವು ಹೂಂ ಅನ್ರಿ, ತಾರೀಖು ಹಿಡಿಯೋಣು."

ಎಂಥ ಮಗಳನ್ನು ಹೆತ್ತೆ! ಅನಸೂಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೂಂ ಅಂದ್ರ ಹೂಂ. ಕೊಟ್ಟ ಮಾತು ತಿರುಗಿಸೂ ಮಂದಿ ಅಲ್ರಿ ನಾವು."

"ಹಂಗಾದ್ರ ಜೂನ್ ಹನ್ನೆರಡು. ಹಾಲ್ ಹಿಡದೀವಿ. ಸಾವಿರ ಮಂದಿ ಬರತಾರ."

"ಸಾವಿರ! ಅಷ್ಟು ಮಂದಿಗೆ ಊಟ?"

"ಅವರವರ ಊಟ ಅವರವರು ನೋಡಿಕೋತಾರ್ರಿ," ಎಂದ ವೈಜನಾಥ.

"ಜೋಡಿ ಮಾತ್ರ ಹೇಳಿ ಮಾಡಿಸಿದಂಗ ಅದ," ಎಂದಳು ಅಲಕಾ.

ಅನಸೂಯಾ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಶಶಾಂಕನ ಮುಂದೆ ನಿಂತು ದನಿ ತಗ್ಗಿಸಿದಳು. "ತಪ್ಪು ತಿಳೀಬ್ಯಾಡ್ರಿ, ಒಂದ ಮಾತು. ಮದುವಿ ಆದಮ್ಯಾಲೂ ಆಕೀನ್ನ ಆಡಾಕ ಬಿಡತೀರಿಲ್ಲೋ?"

ಶಶಾಂಕನಿಗೆ ಸಕ್ಕರೆ ನೆತ್ತಿಗೇರಿತು. "ಅಕ್ಕಾರ, ನಂದು ಮದುವಿ ಆಗಿ ಎರಡು ವರ್ಷ ಆತ್ರಿ! ನಾ ಅವತ್ತು ರಿಂಗಿನ ಬಾಜೂಕ ಕೂಡೂ ಡಾಕ್ಟರು. ಗಗನಾನ ಎದುರು ಆಡಾಕ ಗೊತ್ತು ಮಾಡಿದ ಜೋಡಿ ಮಾನ್ಯಾ!"